ಸುರಂಗದಲ್ಲೂ ತುಂಡಾಗದ ಕರೆ

ಲ್ಯಾಬಿನ ತಂತ್ರಜ್ಞನ ಗಂಟಲು ಕಟ್ಟಿದ್ದೇ ಎಲ್ಲಕ್ಕೂ ಮೂಲ. ಹೊಸ ಮೊಬೈಲ್ ತರಂಗದ ಪರೀಕ್ಷೆಗೆಂದು ಓಡುವ ರೈಲಿಗೆ ಫೋನ್ ಮಾಡಿ ಅವನು ಒಂದು ಗಂಟೆ ಎಡೆಬಿಡದೆ ಮಾತಾಡಬೇಕಿತ್ತು. ಬೆಳಿಗ್ಗೆ ನೋಡಿದರೆ ಅವನ ಬಾಯಿಂದ ಬರೀ ಗಾಳಿ.

ರೈಲಿನಲ್ಲಿ ಕೂತಿದ್ದವಳು ಲ್ಯಾಬಿನವರೆಲ್ಲ 'ಬಾಚಣಿಗೆ ಮೇಡಂ' ಎನ್ನುತ್ತಿದ್ದ ಎಂಜಿನಿಯರ್. ಮೊಬೈಲ್ ತರಂಗಕ್ಕೂ ಬಾಚಣಿಗೆಯಂತೆ ಹಲ್ಲುಗಳಿರುತ್ತವೆ, ನಿಂತವರಿಗೆ ಒತ್ತೊತ್ತು ಹಲ್ಲು ಸಾಕು, ಓಡುವವರಿಗೆ ಅವು ಒಂದಕ್ಕೊಂದು ಸಿಕ್ಕುಬೀಳುತ್ತವೆ, ಅಗಲ ಹಲ್ಲೇ ಬೇಕು ಎಂದು ಕಂಡಕಂಡವರಿಗೆಲ್ಲ ವಿವರಿಸುತ್ತಿದ್ದಳು. ವೇಗ ನೋಡಿ ತಾನೇ ಹಲ್ಲು ಬದಲಿಸಿಕೊಳ್ಳುವ ತರಂಗಕ್ಕಾಗಿ ಆರು ವರ್ಷ ತಲೆ ಕೆಡಿಸಿಕೊಂಡಿದ್ದಳು. ಇವತ್ತು ಕರೆ ಒಮ್ಮೆ ತುಂಡಾದರೂ ಯೋಜನೆಗೆ ಬೀಗ.

ಎಡೆಬಿಡದೆ ಮಾತಾಡುವವರೆಂದರೆ ಅವಳ ಸೋದರತ್ತೆ. ಅವಳು ಅವರಿಗೇ ಫೋನ್ ಹಚ್ಚಿ, ಕರೆಯನ್ನು ಲ್ಯಾಬಿಗೂ ಜೋಡಿಸಿದಳು. ಅಲ್ಲಿ ಮುಖ್ಯಸ್ಥರು ಸ್ಪೀಕರ್ ಮುಂದೆ ಕೂತಿದ್ದಾರೆಂದು ಅತ್ತೆಗೆ ಹೇಳುವುದು ಮಾತ್ರ ಗಡಿಬಿಡಿಯಲ್ಲಿ ಮರೆತೇಹೋಯಿತು.

ಅತ್ತೆ ಬೋಗಿಗೆಲ್ಲ ಕೇಳುವ ದನಿಯಲ್ಲಿ ಮೊಣಕಾಲು ನೋವಿನಿಂದ ಹೊರಟು ಪಕ್ಕದ ಮನೆಯ ಸೊಸೆಯವರೆಗೆ ಒಂದೇ ಉಸಿರಿಗೆ ಬಂದರು. ಎದುರು ಸೀಟಿನ ನಿವೃತ್ತ ಗುಮಾಸ್ತರು ಮೊಣಕಾಲಿಗೆ ಎಣ್ಣೆ ಸೂಚಿಸಿದರು. ಪಕ್ಕದ ದರ್ಜಿಯಾಕೆ ಫೋನ್ ಕಸಿದುಕೊಂಡು ಆ ಸೊಸೆಯ ಪರವಾಗಿ ವಾದಕ್ಕಿಳಿದಳು. ಅಷ್ಟರಲ್ಲಿ ರೈಲಿಗೆ ವೇಗ ಬಂತು. ಮೇಡಂ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ತರಂಗದ ಹಲ್ಲುಗಳು ಹೂವಿನ ಎಸಳಿನಂತೆ ಮೆಲ್ಲಗೆ ಅಗಲವಾದವು. ಅತ್ತೆಯ ಒಂದಕ್ಷರವೂ ಜಾರಲಿಲ್ಲ.

ದರ್ಜಿಯಾಕೆ ವಾದ ನಿಲ್ಲಿಸಿ ಪರದೆಯನ್ನೇ ನೋಡಿದಳು. "ಇಷ್ಟು ನಾಜೂಕಿನ ಕೆಲಸ ನೀವೇ ಮಾಡಿದ್ದಾ?"

ಮೇಡಂಗೆ ಕಣ್ಣು ತುಂಬಿ ಬಂತು. ಆಗಲೇ ಸುರಂಗವೂ ಬಂತು.

"ಅದಿರಲಿ ಪುಟ್ಟೀ, ನಿಮ್ಮ ಸಾಹೇಬ್ರು ಹೇಗಿದಾರೆ?" ಎಂದರು ಅತ್ತೆ. "ಹಳೇ ಆಂಟೆನಾ ಇದ್ದ ಹಾಗೆ, ಎತ್ತ ತಿರುಗಿಸಿದ್ರೂ ಏನೂ ಹಿಡಿಯಲ್ಲ ಅಂತಿದ್ಯಲ್ಲ, ಅವರೇ."

ತನ್ನ ತರಂಗ ಈಗೊಮ್ಮೆ ಕೈಕೊಡಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅದು ಕೈಕೊಡಲಿಲ್ಲ. ತಾನೇ ಕತ್ತರಿಸೋಣವೆಂದರೆ ಆರು ವರ್ಷದ ದುಡಿಮೆ ನೀರುಪಾಲು. ಸುರಂಗ ಮುಗಿಯುವಷ್ಟರಲ್ಲಿ ಅತ್ತೆ ಇನ್ನೂ ಮೂರು ಉದಾಹರಣೆ ಕೊಟ್ಟರು.

ಸಂಜೆ ಲ್ಯಾಬಿಗೆ ಬಂದವಳು ಮುಖ್ಯಸ್ಥರ ಮುಂದೆ ತಲೆ ತಗ್ಗಿಸಿ ನಿಂತಳು. ಅವರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು.

"ನಾನು ನೋಡಿರೋದ್ರಲ್ಲೇ ಅತಿ ಚೆಂದದ ಕೆಲಸ ಇದು," ಎಂದರು. ಅವರ ದನಿಯಲ್ಲಿ ಮೆಚ್ಚುಗೆಯ ಹೊರತು ಬೇರೇನೂ ಇರಲಿಲ್ಲ. "ಸುರಂಗದೊಳಗೂ ಪ್ರತಿ ಮಾತೂ ಸ್ಪಷ್ಟ."

ಅವಳು ಉಸಿರು ಬಿಟ್ಟಳು.

"ನಾಳೆಯಿಂದ ಎಲ್ಲ ಮಾರ್ಗದಲ್ಲೂ ಪರೀಕ್ಷೆ. ಮೂರು ತಿಂಗಳು, ದಿನಕ್ಕೆ ಎಂಟು ಗಂಟೆ. ಮಾತಾಡೋಕೆ ನಿಮ್ಮ ಅತ್ತೆಯವರನ್ನೇ ಗೊತ್ತು ಮಾಡಿದೀನಿ, ಅವರೂ ಒಪ್ಪಿದಾರೆ. ಕೇಳೋಕೆ ನಾನಿರ್ತೀನಿ."