ಪೆಟ್ಟಿಗೆ ಇಲ್ಲದ ಬೈಕು

ಗಣೇಶಪ್ರಸಾದ ಮಾಸ್ಟ್ರಿಗೆ ಐವತ್ತರ ಹತ್ತಿರ ಬಂದ ಮೇಲೆ ಬೈಕಿನ ಹುಚ್ಚು ಹಿಡಿದದ್ದು ವೇಗಕ್ಕಾಗಿಯೂ ಅಲ್ಲ, ಶೋಕಿಗಾಗಿಯೂ ಅಲ್ಲ. ಅದಕ್ಕೆ ಕಾರಣ ಅವರ ಹಳೇ ಸ್ಕೂಟರು. ಸರಿಯಾಗಿ ಹೇಳಬೇಕಾದರೆ, ಸ್ಕೂಟರಿನಲ್ಲಿ ಕಾಲಿಡುವ ಜಾಗ. ಇಪ್ಪತ್ತೆರಡು ವರ್ಷಗಳಲ್ಲಿ ಆ ಜಾಗದಲ್ಲಿ ಮಾಸ್ಟ್ರ ಕಾಲು ಇದ್ದದ್ದು ಅಪರೂಪ. ಗ್ಯಾಸ್ ಸಿಲಿಂಡರು, ಹಿಂಡಿಯ ಚೀಲ, ಹಲಸಿನಹಣ್ಣು, ಒಮ್ಮೆ ಯಾರದೋ ಮನೆಯ ಗ್ರೈಂಡರು, ಎಲ್ಲವೂ ಅಲ್ಲಿ ಕೂತು ಊರು ಸುತ್ತಿದ್ದವು. ಮಾಸ್ಟ್ರ ಕಾಲು ಮಾತ್ರ ಎರಡೂ ಬದಿಗೆ ನೇತಾಡುತ್ತಿತ್ತು.

ಮೂಡುಬಿದಿರೆಯಲ್ಲಿ ಅವರಿದ್ದ ಓಣಿಯ ಪದ್ಧತಿಯೇ ಹಾಗೆ. ಯಾರಾದರೂ ಒಂದು ಕಡೆ ಹೊರಟರೆ ಅವರು ಖಾಲಿ ಹೋಗಬಾರದು, ಆ ಕಡೆಯವರಿಗೆ ಏನಾದರೂ ಕೊಟ್ಟು ಕಳಿಸಬೇಕು. ಕೊಟ್ಟ ಪಾತ್ರೆಯನ್ನು ಆ ಕಡೆಯವರು ಖಾಲಿ ಹಿಂದಿರುಗಿಸಬಾರದು. ಹೀಗಾಗಿ ಒಮ್ಮೆ ಶುರುವಾದ ಒಂದು ಡಬ್ಬಿ ಉಪ್ಪಿನಕಾಯಿ ಎಂಟು ತಿಂಗಳು ಓಡಾಡಿದ್ದುಂಟು. ಓಡಾಡಿಸಿದ್ದು ಮಾಸ್ಟ್ರು.

ಬದುಕಿನಲ್ಲಿ ಒಂದೇ ಒಂದು ಸಲ ಕೈ ಬೀಸಿಕೊಂಡು ಉಜಿರೆಗೆ ಹೋಗಬೇಕು, ಹೋಟೆಲಿನಲ್ಲಿ ಕೂತು ಒಂದು ಪ್ಲೇಟು ಗೋಳಿಬಜೆ ತಿನ್ನಬೇಕು, ಚಾ ಕುಡಿಯಬೇಕು, ಕೈ ಬೀಸಿಕೊಂಡೇ ಹಿಂದೆ ಬರಬೇಕು. ಮಾಸ್ಟ್ರಿಗಿದ್ದ ಆಸೆ ಇಷ್ಟೇ. ಅದಕ್ಕೇ ಆ ರಜೆಯ ದಿನ ಬೆಳಿಗ್ಗೆ ಎಂಟೂವರೆಗೆ ಬೈಕಿನ ಶೋರೂಮಿಗೆ ಹೋಗಿ ನಿಂತರು.

ಅಲ್ಲಿದ್ದವನು ಶೋಧನ್. ಲೆಕ್ಕದಲ್ಲಿ ಮೂರು ಸಲ ಫೇಲಾದ ಹಳೇ ಶಿಷ್ಯ, ಈಗ ಮ್ಯಾನೇಜರು. ಮಾಸ್ಟ್ರನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದ.

"ಸರ್, ನಿಮಗೆ ಎರಡು ಗಾಡಿ ತೋರಿಸ್ತೇನೆ. ಇದು ಟೂರಿಂಗ್. ಇನ್ನೂರು ಕಿಲೋಕ್ಕೆ ಹತ್ತಿರ ತೂಕ ಉಂಟು. ಲಡಾಕಿಗೆ ಹೋಗುವವರು ಇದನ್ನೇ ತಕ್ಕೊಳ್ಳುವುದು."

"ನನಗೆ ಉಜಿರೆವರೆಗೆ ಹೋದರೆ ಸಾಕು ಮಾರಾಯ."

"ಹಾಗಾದ್ರೆ ಅದು, ಕ್ರೂಸರ್. ಹಗುರ, ತಗ್ಗು. ಆದ್ರೆ ಸರ್, ನಿಮ್ಮ ಪರ್ಸನಾಲಿಟಿಗೆ ಟೂರಿಂಗೇ ಸರಿ. ಇವತ್ತು ಸಂಜೆವರೆಗೆ ಓಡಿಸಿ ನೋಡಿ. ನೀವಲ್ಲದೆ ಬೇರೆ ಯಾರಿಗೂ ಹೀಗೆ ಕೊಡುವುದಿಲ್ಲ."

ಐದಡಿ ಮೂರಂಗುಲದ ಮಾಸ್ಟ್ರು ಪರ್ಸನಾಲಿಟಿ ಎಂಬ ಮಾತಿಗೆ ಕರಗಿಹೋದರು. ಬೈಕಿನ ಹಿಂದೆ ಎರಡೂ ಬದಿಗೆ ತಗಡಿನ ದೊಡ್ಡ ಪೆಟ್ಟಿಗೆಗಳಿದ್ದದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನೇರ ಉಜಿರೆಗೆ ಹೋಗುವುದು ಬಿಟ್ಟು, ಹೆಂಡತಿಗೆ ತೋರಿಸಿಯೇ ಹೋಗುವ ಎಂದು ಮನೆಯ ಕಡೆ ತಿರುಗಿಸಿದರು. ಬುದ್ಧಿ ಇರಬೇಡವಾ?

ಬೈಕಿನ ಸದ್ದಿಗೆ ಓಣಿಯೇ ಹೊರಗೆ ಬಂತು. ಎದುರು ಮನೆಯ ಸರಸಕ್ಕ ಬೈಕಿಗೆ ಒಂದು ಸುತ್ತು ಬಂದು ಪೆಟ್ಟಿಗೆಯ ಮುಚ್ಚಳ ಎತ್ತಿ ಇಣುಕಿದರು.

"ಎಂಥ ಒಳ್ಳೆ ಜಾಗ ಮಾರ್ರೆ! ಎಲ್ಲಿಗೆ ಹೊರಟದ್ದು?"

"ಸುಮ್ಮನೆ, ಉಜಿರೆಗೆ..." ಎಂದು ಮಾಸ್ಟ್ರು ಬಾಯಿ ಬಿಟ್ಟರು.

"ನನ್ನ ಮಗಳು ಸುರಕ್ಷಾ ಉಜಿರೆಯಲ್ಲೇ ಇರುವುದಲ್ವಾ? ಎರಡು ಬಸಳೆ ಕಟ್ಟು ಕೊಡ್ತೇನೆ, ಒಂದೇ ನಿಮಿಷ."

ಪಕ್ಕದ ಮನೆಯ ಐಸಮ್ಮನಿಗೆ ಕೇಳಿಸದೆ ಇರುತ್ತದೆಯೇ? "ಮಾಸ್ಟ್ರೇ, ಉಜಿರೆಗೆ ವೇಣೂರು ದಾಟಿಯೇ ಹೋಗಬೇಕಲ್ಲ. ಮಗಳು ರಾಫಿಯಾಳಿಗೆ ಒಂದು ಡಬ್ಬಿ ಪತ್ತಿರಿ ರೊಟ್ಟಿ ಉಂಟು. ಈಗ ಹೆಂಚಿನಿಂದ ತೆಗೆದದ್ದು."

ಮಾಸ್ಟ್ರು ಹೆಂಡತಿಯತ್ತ ನೋಡಿದರು. ಬಿಡಿಸಿಕೊಳ್ಳಲು ಅವಳೊಬ್ಬಳೇ ದಿಕ್ಕು. ಶಂಕರಿ ಒಳಗೆ ಹೋಗಿ ಒಂದು ಭರಣಿ ತಂದಳು.

"ಹೇಗೂ ಹೋಗ್ತೀರಲ್ಲ, ಗುರುವಾಯನಕೆರೆಯಲ್ಲಿ ಅಣ್ಣನಿಗೆ ಇದೊಂದು ಕೊಟ್ಟುಬಿಡಿ. ಮಿಡಿ ಉಪ್ಪಿನಕಾಯಿ, ನೆಟ್ಟಗೆ ಇಡಿ."

ಹೋಗುವಾಗಿನ ಕಷ್ಟ ಹೆಚ್ಚೇನಲ್ಲ. ವೇಣೂರಿನಲ್ಲಿ ಪತ್ತಿರಿ, ಗುರುವಾಯನಕೆರೆಯಲ್ಲಿ ಭರಣಿ ಇಳಿಯಿತು. "ಡಬ್ಬಿ ವಾಪಸ್ ಕೊಡ್ತೇನೆ, ಬರುವಾಗ ಬನ್ನಿ" ಎಂದಳು ರಾಫಿಯಾ. ಉಜಿರೆ ತಲುಪಿದ ಮಾಸ್ಟ್ರು ಹೋಟೆಲಿನ ಎದುರು ಗಾಡಿ ನಿಧಾನ ಮಾಡಿ, ಗೋಳಿಬಜೆಯ ಪರಿಮಳವನ್ನು ಮೂಗಿನ ತುಂಬ ಎಳೆದುಕೊಂಡು, ಮೊದಲು ಬಸಳೆ ಮುಗಿಸುವ ಎಂದು ಸುರಕ್ಷಾಳ ಮನೆಗೆ ಹೋದರು. ಅಲ್ಲಿ ಅವಳು ಬಿಟ್ಟರೆ ತಾನೆ? ಹೋಟೆಲಿನ ಚಾ ಯಾಕೆ ಸರ್, ಹೊಟ್ಟೆ ಹಾಳು ಎಂದು ಹೊಟ್ಟೆ ತುಂಬ ರಾಗಿ ಮಾಲ್ಟ್ ಕುಡಿಸಿದಳು. ಗೋಳಿಬಜೆಯ ಆಸೆ ಅಲ್ಲಿಗೇ ಮುಗಿಯಿತು. ಎಡಗಡೆಯ ಪೆಟ್ಟಿಗೆಗೆ ಹದಿನೆಂಟು ತೆಂಗಿನಕಾಯಿ ತುಂಬಿಸಿದಳು.

"ಅಮ್ಮನಿಗೆ ಕೊಡಿ ಸರ್. ಅವರನ್ನು ನೋಡದೆ ಎಷ್ಟೋ ಕಾಲ ಆಯ್ತು," ಎಂದು ಕಣ್ಣೊರೆಸಿಕೊಂಡಳು. ಹಾಗೆಂದ ಮೇಲೆ ಕಾಯಿ ಬೇಡ ಎನ್ನುವುದು ಹೇಗೆ?

ವೇಣೂರಿನಲ್ಲಿ ರಾಫಿಯಾ ಡಬ್ಬಿ ಹಿಡಿದುಕೊಂಡು ಗೇಟಿನಲ್ಲೇ ಕಾಯುತ್ತಿದ್ದಳು. ಡಬ್ಬಿಯ ತುಂಬ ಮೊಟ್ಟೆ. ಜೊತೆಗೆ ಆ ಮೊಟ್ಟೆಗಳ ತಾಯಿಯೂ ಇತ್ತು.

"ಕೋಳಿಯಾ?" ಮಾಸ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. "ನಾನು ಇದನ್ನೆಲ್ಲ ಮುಟ್ಟಿದವನೇ ಅಲ್ಲ."

"ನೀವು ಮುಟ್ಟುವುದು ಬೇಡ ಸರ್, ಬಲಗಡೆಯ ಪೆಟ್ಟಿಗೆಯಲ್ಲಿ ನಾನೇ ಇಡ್ತೇನೆ. ಉಸಿರಾಡಲಿಕ್ಕೆ ಮುಚ್ಚಳ ಸ್ವಲ್ಪ ತೆರೆದಿರಲಿ. ಪಾಪದ ಕೋಳಿ, ಗಲಾಟೆ ಮಾಡುವುದಿಲ್ಲ."

ಪಾಪದ ಕೋಳಿ ಹೊಸಂಗಡಿ ಬರುವವರೆಗೆ ಗಲಾಟೆ ಮಾಡಲಿಲ್ಲ. ಅಲ್ಲಿ ಎದುರಿಗೆ ಬಸ್ಸು ಬಂತೆಂದು ಮಾಸ್ಟ್ರು ರಸ್ತೆಯ ಅಂಚಿಗೆ ನಿಲ್ಲಿಸಿ ಎಡಗಾಲು ಕೆಳಗಿಟ್ಟರು. ಇಡಲಿಕ್ಕೆ ಅಲ್ಲಿ ನೆಲ ಇರಲಿಲ್ಲ, ಇಳಿಜಾರು. ಇನ್ನೂರು ಕಿಲೋದ ಗಾಡಿ, ಹದಿನೆಂಟು ತೆಂಗಿನಕಾಯಿ, ಮಾಸ್ಟ್ರು, ಎಲ್ಲರೂ ಕೂಡಿ ಕೆಸರಿನಲ್ಲಿ ಎಮ್ಮೆ ಮಲಗಿದ ಹಾಗೆ ನಿಧಾನವಾಗಿ ಎಡಕ್ಕೆ ಮಲಗಿದರು. ಎರಡೂ ಪೆಟ್ಟಿಗೆಯ ಮುಚ್ಚಳ ತೆರೆಯಿತು. ಕಾಯಿಗಳು ಇಳಿಜಾರಿನಲ್ಲಿ ಉರುಳಿದವು. ಕೋಳಿ ಕೊಕ್ಕೊಕ್ಕೋ ಎಂದು ಬಸ್ಸಿನ ಅಡಿಗೆ ಓಡಿತು.

ಬಸ್ಸು ನಿಂತಿತು. ಕಂಡಕ್ಟರು ಹಾರಿ ಇಳಿದ, ಹಿಂದಿನಿಂದ ಅರ್ಧ ಬಸ್ಸೇ ಇಳಿಯಿತು. ಗಾಡಿ ಎತ್ತಲಿಕ್ಕೆ ಐದು ಜನ, ಕಾಯಿ ಹೆಕ್ಕಲಿಕ್ಕೆ ಆರು ಜನ, ಕೋಳಿ ಹಿಡಿಯಲಿಕ್ಕೆ ಉಳಿದವರು.

"ಅಯ್ಯೋ, ನಮ್ಮ ಗಣೇಶಪ್ರಸಾದ ಮಾಸ್ಟ್ರು!" ಎಂದು ಯಾರೋ ಕೂಗಿದರು. "ಭಟ್ರೇ, ಕೋಳಿ ಯಾವಾಗಿಂದ?"

"ನನ್ನದಲ್ಲ! ಐಸಮ್ಮನದ್ದು!" ಎಂದು ಮಾಸ್ಟ್ರು ಬಿದ್ದಲ್ಲಿಂದಲೇ ಕೂಗಿದರು. ಯಾರೂ ನಂಬಲಿಲ್ಲ.

ಕೊನೆಗೆ ಕೋಳಿ ಕಂಡಕ್ಟರನ ಕೈಗೆ ಸಿಕ್ಕಿತು. ಮಾಸ್ಟ್ರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆಶ್ಚರ್ಯವೆಂದರೆ ಮೊಟ್ಟೆ ಒಂದೂ ಒಡೆದಿರಲಿಲ್ಲ. ಆದರೆ ಎದ್ದು ನಿಂತು ಪಂಚೆ ಕೊಡವಿಕೊಂಡ ಮಾಸ್ಟ್ರ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು.

ಓಣಿಗೆ ಸಾಮಾನು ತಲುಪಿಸಿ, ಸ್ನಾನ ಮಾಡಿ, ನಾಲ್ಕು ಗಂಟೆಗೆ ಶೋರೂಮಿಗೆ ಹೋಗಿ, "ಪೆಟ್ಟಿಗೆ ಇಲ್ಲದ್ದು ತೋರಿಸು," ಎಂದರು.

ಶೋಧನ್ ಕ್ರೂಸರನ್ನು ಹೊರಗೆ ತಂದ. ಮಾಸ್ಟ್ರು ಹತ್ತಿ ಕೂತರು. ಎರಡೂ ಪಾದ ನೆಲದ ಮೇಲೆ ಭದ್ರವಾಗಿ ಊರಿದವು.

"ಇದಕ್ಕೆ ಪೆಟ್ಟಿಗೆ ಕೂರಿಸಲಿಕ್ಕೆ ಆಗ್ತದಾ?"

"ಇಲ್ಲ ಸರ್, ಅದೇ ಇದರ ಒಂದು ಕೊರತೆ."

"ಹಿಂದೆ ಕ್ಯಾರಿಯರು? ಎದುರಿಗೆ ಚೀಲ ನೇತುಹಾಕುವ ಕೊಕ್ಕೆ?"

"ಯಾವುದೂ ಆಗುವುದಿಲ್ಲ ಸರ್. ಬೇಜಾರು ಮಾಡಬೇಡಿ."

"ಬೇಜಾರಾ? ಈಗಲೇ ಬುಕ್ ಮಾಡು!" ಎಂದು ಮಾಸ್ಟ್ರು ಅವನ ಬೆನ್ನು ತಟ್ಟಿದರು. ಲೆಕ್ಕದ ಪೀರಿಯಡಿನಲ್ಲಿ ಆ ಬೆನ್ನಿಗೆ ಹೀಗೆ ಪ್ರೀತಿಯಿಂದ ಯಾರೂ ತಟ್ಟಿರಲಿಲ್ಲ. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದ ಸ್ಕೂಟರನ್ನು ಎಕ್ಸ್‌ಚೇಂಜಿಗೆ ಬಿಟ್ಟು ಕೀಲಿಕೈ ಅಲ್ಲೇ ಕೊಟ್ಟುಬಿಟ್ಟರು. ಹೊಸ ಗಾಡಿ ಶನಿವಾರ ಬರುವುದೆಂದಾಯಿತು. ಮನೆಗೆ ತೋರಿಸಿ ಬನ್ನಿ ಎಂದು ಶೋಧನ್ ಶೋರೂಮಿನ ಕ್ರೂಸರನ್ನೇ ಕೈಗೆ ಕೊಟ್ಟ.

ಸಂಜೆಯ ತಂಗಾಳಿಯಲ್ಲಿ ಬಸದಿಯ ಎದುರು ಹಾಯುವಾಗ ಮಾಸ್ಟ್ರಿಗೆ ಹಾಡು ಬಂತು. ಓಣಿಯಲ್ಲಿ ಇಳಿದು, ಶನಿವಾರ ಇಂಥದ್ದೇ ಬರ್ತದೆ ಎಂದು ಸಾರಿ, ನೋಡಿಕೊಳ್ಳಿ ಎನ್ನುವ ಹಾಗೆ ಕೈಕಟ್ಟಿ ನಿಂತರು.

ಐಸಮ್ಮ ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. "ಇದರಲ್ಲಿ ಸಾಮಾನು ಇಡುವುದು ಎಲ್ಲಿ?"

"ಎಲ್ಲಿಯೂ ಇಲ್ಲ ಐಸಮ್ಮ," ಎಂದರು ಮಾಸ್ಟ್ರು, ದುಃಖದ ಮುಖ ಮಾಡಲು ಬಹಳ ಕಷ್ಟಪಟ್ಟು. "ಒಂದು ನಿಂಬೆಹಣ್ಣು ಇಡಲಿಕ್ಕೂ ಜಾಗ ಇಲ್ಲ. ಏನು ಮಾಡುವುದು ಹೇಳಿ?"

ಮಾಸ್ಟ್ರ ಒಳಗೆ ಚೆಂಡೆ ಬಾರಿಸುತ್ತಿತ್ತು. ಅಷ್ಟರಲ್ಲಿ ಸರಸಕ್ಕ ಮೆಲ್ಲನೆ ಹತ್ತಿರ ಬಂದು, ಹಿಂದಿನ ಸೀಟನ್ನು ಕೈಯಿಂದ ಒಮ್ಮೆ ಒತ್ತಿ ನೋಡಿ, ಬೆನ್ನು ತಿರುಗಿಸಿ, ಮನೆಯ ಜಗಲಿಯಲ್ಲಿ ಕೂರುವ ಹಾಗೆ ಕೂತೇಬಿಟ್ಟರು.

"ಅಬ್ಬ! ಕಾಲು ಎತ್ತಲೇ ಬೇಡ ಮಾರ್ರೆ!" ಎಂದರು. ಅವರ ಮುಖ ಅರಳಿತು. "ಈ ಗಂಟುನೋವಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ನಿಮ್ಮ ಸ್ಕೂಟರಿಗೆ ಹಾರಿ ಕೂರಲಿಕ್ಕೂ ಆಗ್ತಿರಲಿಲ್ಲ. ಮಗಳ ಮನೆ ಕಾಣದೆ ಮೂರು ವರ್ಷ. ಗಾಡಿ ಶನಿವಾರ ಬರುವುದಲ್ವಾ? ಆದಿತ್ಯವಾರ ಹೋಗುವ."

"ಅದರ ಮರು ಆದಿತ್ಯವಾರ ನನಗೆ ವೇಣೂರು," ಎಂದರು ಐಸಮ್ಮ. "ನನಗೂ ಸೊಂಟ."

ಶಂಕರಿ ಒಳಗಿನಿಂದ ಕ್ಯಾಲೆಂಡರು ತಂದು ಎರಡೂ ಹೆಸರು ಬರೆದಳು. ಓಣಿಯ ತುದಿಯಿಂದ ಇನ್ನೂ ಇಬ್ಬರು ಅಜ್ಜಿಯಂದಿರು ಕೋಲೂರಿಕೊಂಡು ಬರುತ್ತಿದ್ದರು. ಮಾಸ್ಟ್ರು ಬೇಡ ಎನ್ನಲು ಬಾಯಿ ತೆರೆದರು. ಸೀಟಿನಲ್ಲಿ ಕೂತ ಸರಸಕ್ಕನ ಸಂತೋಷ ನೋಡಿ ಮುಚ್ಚಿಕೊಂಡರು. ಹೋಗಲಿ, ಪಾಪ, ಮಗಳನ್ನು ನೋಡಲಿ. ಸಾಮಾನು ಹೊರುವುದಾದರೂ ತಪ್ಪಿತಲ್ಲ, ಅಷ್ಟೇ ಸಾಕು ಎಂದು ಸಮಾಧಾನ ಮಾಡಿಕೊಂಡರು.

ಅವರ ಮುಖ ಬಾಡಿದ್ದನ್ನು ಸರಸಕ್ಕ ಗಮನಿಸಿದರು. ಮಡಿಲನ್ನು ಅಗಲ ಮಾಡಿ ತಟ್ಟಿ ತೋರಿಸುತ್ತ ಧೈರ್ಯ ಹೇಳಿದರು:

"ನೀವು ಎಂತ ಮಂಡೆಬಿಸಿ ಮಾಡುವುದು ಮಾಸ್ಟ್ರೇ? ಸಾಮಾನೆಲ್ಲ ಇಲ್ಲಿ ನಾನು ಹಿಡ್ಕೊಳ್ತೇನೆ."