ಮಾವನ ಕತ್ತಿಗೆ ನೀರು ತಾಗಬಾರದು

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ಒಬ್ಬನೇ ಶತ್ರು: ನೀರು! ಹಾಗೆಂದು ಅವರು ಸ್ನಾನ ಮಾಡುವುದಿಲ್ಲವೆಂದು ತಿಳಿಯಬೇಡಿ. ಮೈಮೇಲೆ ಎಷ್ಟು ಕೊಡ ಬೇಕಾದರೂ ಬೀಳಲಿ, ಅವರ ಕ್ಷೌರದ ಕತ್ತಿಯ ಮೇಲೆ ಮಾತ್ರ ಒಂದು ಹನಿಯೂ ಒಣಗಬಾರದು. ಹೌದು, ಕತ್ತಿಯೇ! ಊರೆಲ್ಲ ಪ್ಲಾಸ್ಟಿಕ್ ರೇಜರಿನಲ್ಲಿ ಕೆನ್ನೆ ಕೆರೆದುಕೊಳ್ಳುವ ಕಾಲದಲ್ಲೂ, ಭದ್ರಾವತಿಯ ಈ ನಿವೃತ್ತ ಕಾರ್ಖಾನೆ ನೌಕರರಿಗೆ ಮಡಿಚುವ ಹಳೇ ಉಕ್ಕಿನ ಕತ್ತಿಯೇ ಬೇಕು.

ಕೆಲಸ ಸಿಕ್ಕ ಮೇಲೆ ಅವರ ಮನೆಯಲ್ಲೇ ಉಳಿದುಕೊಂಡ ನಾನು ತಾರೀಖು ಹಾಕಿ ದಿನಚರಿ ಬರೆಯುವವನು. ಲೆಕ್ಕ ಹಾಕಿ ನೋಡಿದ್ದೇನೆ: ಕ್ಷೌರಕ್ಕೆ ಹತ್ತು ನಿಮಿಷ, ಕತ್ತಿಯ ಉಪಚಾರಕ್ಕೆ ಅರ್ಧ ಗಂಟೆ! ತೊಳೆದ ಕೂಡಲೇ ಹಳೇ ಪಂಚೆಯ ತುಂಡು ಹಿಡಿದು ಕತ್ತಿಯ ಬೆನ್ನಿನಿಂದ ಹರಿತವಾದ ಅಂಚಿನ ಕಡೆಗೆ ಒರೆಸಬೇಕು. ಕಿಟಕಿಯಲ್ಲಿ ತೆರೆದಿಟ್ಟು ಗಾಳಿಯಾಡಿಸಬೇಕು. ಕೊನೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಬೇಕು.

"ತಲೆಗೆ ಹಚ್ಕೊಳ್ಳೋಣ ಅಂದ್ರೆ ಬಾಟ್ಲಿ ಖಾಲಿ!" ಎಂದು ಅತ್ತೆ ಗೊಣಗಿದರೆ, "ನಿನ್ ತಲೆಗೇನು ತುಕ್ಕು ಹಿಡಿಯುತ್ತಾ?" ಎನ್ನುತ್ತಾರೆ ಮಾವ.

ಬೋರ್‌ವೆಲ್ ನೀರಿನ ಬಿಳಿ ಕಲೆ ಕಂಡರಂತೂ ಮುಗಿಯಿತು. ಪಾತ್ರೆ ತಿಕ್ಕುವ ನಾರು ಮುಟ್ಟಿಸುವಂತಿಲ್ಲ, ಗೀರು ಬೀಳುತ್ತದೆ. ಬಟ್ಟೆಗೆ ನಿಂಬೆರಸ ಅದ್ದಿ ಮೆಲ್ಲಗೆ ಉಜ್ಜಿ, ತಕ್ಷಣ ತೊಳೆದು ಒರೆಸಬೇಕು. "ಹುಳಿ ಜಾಸ್ತಿ ಹೊತ್ತು ಕೂತ್ರೆ ಉಕ್ಕನ್ನೇ ತಿನ್ನುತ್ತೆ ಮಾರಾಯ!" ಎಂದು ನನಗೆ ಪಾಠ ಮಾಡುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಕೂಗಿದರು: "ನಿಂಬೆಹಣ್ಣು ಮುಗೀತು. ಇವತ್ತು ಚಿತ್ರಾನ್ನ ಇಲ್ಲ, ಕತ್ತಿನೇ ನೆಕ್ಕಿ!"

ಒಮ್ಮೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋದರೆ ಜನರೆಲ್ಲ ಆನೆಗಳ ಸ್ನಾನದ ಫೋಟೋ ತೆಗೆಯುತ್ತಿದ್ದರು. ಮಾವ ಮಾತ್ರ ಕಳವಳದಿಂದ, "ಇಷ್ಟು ತೊಳೀತಾರೆ, ಒರೆಸೋದೇ ಇಲ್ವಲ್ಲೋ!" ಎಂದರು.

ಇಂಥವರ ಕತ್ತಿಯನ್ನು ಒಂದು ಬೆಳಿಗ್ಗೆ ಬಿಡಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಬಿಳಿ ಕಲೆ! ಸಿಕ್ಕಿಬಿದ್ದರು ಎಂಬ ಖುಷಿಯಲ್ಲಿ, "ಮಾವ, ಇದೇನು?" ಎಂದೆ. ಅವರು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಎಲ್ಲೋ? ಫಳಫಳ ಅಂತಿದೆಯಲ್ಲ!"

ನನ್ನ ನಗು ಅಲ್ಲೇ ನಿಂತಿತು. ಅವರ ಗದ್ದದ ಕೆಳಗೆ ಹಸಿ ಗಾಯಗಳಿದ್ದವು. ಅತ್ತೆಯೂ ಬಂದು ನೋಡಿದರು. ಮಾವ ತಲೆ ತಗ್ಗಿಸಿ, "ಸ್ವಲ್ಪ ದಿನದಿಂದ ಎಲ್ಲಾ ಮಂಜು ಮಂಜು. ಹೇಳಿದ್ರೆ ಕತ್ತಿ ಕಿತ್ಕೊಳ್ತೀರಿ ಅಂತ ಸುಮ್ನಿದ್ದೆ" ಎಂದರು.

"ಕತ್ತಿ ಮನೆ ಹಾಳಾಗ್ಲಿ, ಕಣ್ಣೇ ಹೋದ್ರೆ ಏನ್ರೀ ಮಾಡೋದು?" ಅತ್ತೆ ಅವರ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

ಅವತ್ತೇ ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಓಡಿದೆವು. "ಪೊರೆ ಬಂದಿದೆ ಅಷ್ಟೇ, ತೆಗೆದ್ರೆ ಸರಿಹೋಗುತ್ತೆ" ಎಂದು ಡಾಕ್ಟರು ಹೇಳಿದಾಗ ನಾವು ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಆಪರೇಷನ್ನಿನ ಮರುದಿನ ಪಟ್ಟಿ ಬಿಚ್ಚಿ, "ಕಣ್ಣಿಗೆ ನೀರು ತಾಗಬಾರ್ದು" ಎಂದರೆ ಮಾವ ಎದೆಯುಬ್ಬಿಸಿ, "ಅದನ್ನ ನನಗೆ ಹೇಳ್ಕೊಡ್ಬೇಕಾ ಡಾಕ್ಟ್ರೇ!" ಎನ್ನಬೇಕೆ?

ಆಮೇಲೆ ಅತ್ತೆಯ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು.

"ಯಾಕೇ ಇಷ್ಟು ಸೊರಗಿದ್ದೀಯಾ? ನನಗೆ ಕಾಣಿಸ್ಲೇ ಇಲ್ವಲ್ಲೇ."

"ಈಗ ಕಂಡಿತಲ್ಲ, ಸಾಕು ಬಿಡಿ."

ಭದ್ರಾವತಿಗೆ ಹೊರಟ ಕಾರು ಊರು ದಾಟುವ ಮೊದಲೇ ಅತ್ತೆಗೆ ನಿದ್ದೆ ಹತ್ತಿತು. ಕಪ್ಪು ಕನ್ನಡಕದ ಮಾವ ಅವರ ತಲೆಯನ್ನು ತಮ್ಮ ಭುಜಕ್ಕೆ ಆನಿಸಿಕೊಂಡು, ಮುಂದೆ ಹಂಪ್ ಕಂಡಾಗಲೆಲ್ಲ ಡ್ರೈವರಿಗೆ ಪಿಸುಗುಟ್ಟುತ್ತಿದ್ದರು: "ನಿಧಾನ ಮಾರಾಯ, ನಿಧಾನ."