ಕಾಡಿಗೊಂದು ಮಂಜೂರಾದ ಚಾಕು

ಕಾಡಿನಲ್ಲಿ ಸಿಕ್ಕಿಹಾಕಿಕೊಂಡ ನೌಕರನು ಜೀವಂತವಾಗಿ ಮರಳುವುದು ಅಪೇಕ್ಷಣೀಯ ಎಂಬುದು ಅರಣ್ಯ ಕಚೇರಿಯ ಅಧಿಕೃತ ನಿಲುವು. ಆದ್ದರಿಂದಲೇ, ಕಾವಲುಗಾರನೊಬ್ಬ ಮುಳ್ಳುಬಳ್ಳಿಗೆ ಸಿಕ್ಕಿ ಎರಡು ದಿನ ಒದ್ದಾಡಿ, ಹುಡುಕಿಕೊಂಡು ಹೋದವರಿಂದ ಬಿಡಿಸಿಕೊಂಡು ಬಂದು, "ಒಂದು ಚಾಕು ಕೊಡಿಸಿ ಸಾರ್" ಎಂದು ಅರ್ಜಿ ಬರೆದಾಗ ಅದನ್ನು ಯಾರೂ ಕಸದಬುಟ್ಟಿಗೆ ಹಾಕಲಿಲ್ಲ. ಚಾಕು ಆಯ್ಕೆ ಸಮಿತಿ ರಚಿಸಿದರು.

ಸಮಿತಿಯವರು ಯಾರೂ ಕಾಡು ಕಂಡವರಲ್ಲವಾದ್ದರಿಂದ ಪಕ್ಷಪಾತಕ್ಕೆ ಎಡೆಯಿರಲಿಲ್ಲ. ಮಡಚುವ ಚಾಕು ಬೆರಳು ಕಚ್ಚುತ್ತದೆ. ಮಡಚದ್ದು ಜೇಬಿಗೆ ಹಿಡಿಸದು. ಅಗ್ಗದ್ದು ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯದ್ದು ಕಳವಾಗುತ್ತದೆ. ಹದಿನಾಲ್ಕು ತಿಂಗಳು ಮೀನಮೇಷ ಎಣಿಸಿ, "ಮಂಜೂರಾಗದ ಚಾಕುವನ್ನು ಕಾಡಿಗೆ ಒಯ್ದವರನ್ನು ಅಮಾನತು ಮಾಡತಕ್ಕದ್ದು" ಎಂಬ ನಿಯಮವೊಂದನ್ನಷ್ಟೇ ಅಂತಿಮಗೊಳಿಸಿದರು.

ಕಾವಲುಗಾರನ ಹೆಂಡತಿ ನಿಯಮ ಓದಿದವಳಲ್ಲ. "ಸಮಿತಿಯವ್ರು ಬಂದು ಬಿಡಿಸ್ತಾರೇನ್ರೀ ನಿಮ್ಮನ್ನ? ಸುಮ್ನೆ ಇಟ್ಕೊಳ್ಳಿ" ಎಂದು ತರಕಾರಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಬುತ್ತಿಚೀಲದ ತಳಕ್ಕೆ ತುರುಕಿದಳು. ಆ ವಾರವೇ ಅವನು ಕೊರಕಲಿಗೆ ಜಾರಿಬಿದ್ದ. ಕಾಲಿಗೆ ಬಳ್ಳಿ ಉರುಳಿನಂತೆ ಬಿಗಿಯಿತು. ಆ ಚಾಕುವಿನಿಂದ ಬಳ್ಳಿಯನ್ನು ಸರಸರನೆ ಕುಯ್ದು, ಊಟದ ಹೊತ್ತಿಗೆಲ್ಲ ಕುಂಟುತ್ತ ಕಚೇರಿಗೆ ಬಂದು ವರದಿ ಒಪ್ಪಿಸಿದ.

ಇಷ್ಟು ಬೇಗ ಬದುಕಿ ಬಂದದ್ದು ಅನುಮಾನಕ್ಕೆ ಕಾರಣವಾಯಿತು. ಸಮಿತಿಯ ಅಧ್ಯಕ್ಷರು ಕರೆಸಿದರು.

"ಬಳ್ಳಿ ಯಾವುದರಲ್ಲಪ್ಪಾ ಕತ್ತರಿಸಿದೆ?"

ಚಾಕು ಎಂದರೆ ಕಾವಲುಗಾರನಿಗೆ ಅಮಾನತು. ಇರುವುದೊಂದು ಕೆಲಸ. "ಹಲ್ಲಲ್ಲಿ ಸಾರ್" ಎಂದುಬಿಟ್ಟ.

ಅಧ್ಯಕ್ಷರು ಕನ್ನಡಕ ತೆಗೆದು ಅವನ ಬಾಯನ್ನೇ ನೋಡಿದರು.

"ತುಕ್ಕು ಹಿಡಿಯತ್ತಾ?"

"ಇಲ್ಲ ಸಾರ್."

"ಎಲ್ಲಾದ್ರೂ ಮರೆತು ಬರ್ತೀಯಾ?"

"ಹೇಗ್ ಸಾರ್ ಮರೀಲಿ?"

"ನೋಡ್ರೀ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಹುಡುಕ್ತಾ ಕೂತಿದ್ವಿ!" ಅಧ್ಯಕ್ಷರು ಸಮಿತಿಯವರತ್ತ ತಿರುಗಿ ಮೇಜು ಕುಟ್ಟಿದರು.

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ನೌಕರರ ಸ್ವಂತ ಹಲ್ಲುಗಳನ್ನು ಇಂದಿನಿಂದ ಕಚೇರಿಯ ಕತ್ತರಿಸುವ ಉಪಕರಣವೆಂದು ಪರಿಗಣಿಸತಕ್ಕದ್ದು. ಸದರಿ ಉಪಕರಣವನ್ನು ಊಟ ಮುಂತಾದ ಖಾಸಗಿ ಕಾರ್ಯಗಳಿಗೆ ಬಳಸುವ ಮುನ್ನ ಅನುಮತಿ ಪಡೆಯತಕ್ಕದ್ದು."

ಮನೆಯಲ್ಲಿ ಹೆಂಡತಿ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. "ಅನುಮತಿ ತಂದಿದೀರಾ?"

"ನಾಳೆ ಅರ್ಜಿ ಹಾಕ್ಬೇಕು."

"ಹಾಗಾದ್ರೆ ಇವತ್ತು ಹಾಲು ಕುಡಿದು ಮಲಗಿ. ಕೆಲಸಕ್ಕೆ ಕುತ್ತು ತಂದ್ಕೋಬೇಡಿ."

ಸೋಮವಾರ ಉಪಕರಣ ತಪಾಸಣೆ. ಎಲ್ಲರೂ ಸಾಲಾಗಿ ಬಾಯಿ ತೆರೆದು ನಿಂತರು. ಉಗ್ರಾಣದ ಗುಮಾಸ್ತರು ಟಾರ್ಚು ಬಿಟ್ಟು ಎಣಿಸುತ್ತ ಬಂದರು. ನಮ್ಮ ಕಾವಲುಗಾರನ ಮುಂದೆ ನಿಂತಿದ್ದ ಹಿರಿಯರು ಅಳುಕುತ್ತ ಕೇಳಿದರು:

"ಬರೋ ತಿಂಗಳು ನನ್ನ ನಿವೃತ್ತಿ. ಉಪಕರಣ ವಾಪಸ್ ಕೊಡ್ಬೇಕಾ ಸಾರ್?"

ಗುಮಾಸ್ತರು ನಿಯಮದ ಪುಸ್ತಕ ತಿರುವಿದರು. "ಬೂಟು, ಕಂಬಳಿ ಕೊಡ್ತೀರಲ್ಲ, ಹಾಗೇನೇ. ತೊಳೆದು ಕೊಡಿ."

"ಆಗ್ಲಿ ಸಾರ್" ಎಂದು ಹಿರಿಯರು ತಪಾಸಣೆ ಪಟ್ಟಿಗೆ ಸಹಿ ಹಾಕಿದರು. ಕಾವಲುಗಾರ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ.